ಸಂಗೀತ ಕಲಿಯದವರು ಪ್ರೋಗ್ ರಾಕ್, ಮೆಟಲ್ ಆಲ್ಬಮ್‌ಗಳ ವಿಮರ್ಶೆ ಬರೆಯಬಹುದಾ?

ಗಿಟಾರ್ ಹಿಡಿಯಲು ಬಾರದು, ಸಂಗೀತ ಕಲಿತಿಲ್ಲ, ಆದರೂ ಪ್ರೋಗ್ರೆಸಿವ್ ರಾಕ್ (ಉದ್ದುದ್ದ ಹಾಡು, ಬದಲಾಗುವ ತಾಳಗಳ ರಾಕ್, ಚಿಕ್ಕದಾಗಿ ಪ್ರೋಗ್) ಮತ್ತು ಮೆಟಲ್ ಆಲ್ಬಮ್‌ಗಳ ಬಗ್ಗೆ ಕನ್ನಡದಲ್ಲಿ ಬರೆಯುವ ಆಸೆ ಇದೆ, ಎಲ್ಲಿಂದ ಶುರು ಮಾಡಲಿ, ಸ್ಟಾರ್ ಕೊಡಬೇಕಾ ಅಂತ ಕೇಳಿದ್ದೀರಿ. ನನಗೂ ಗಿಟಾರ್ ಬಾರದು. ಹನ್ನೆರಡು ವರ್ಷದಿಂದ ಬರೆಯುತ್ತಿದ್ದೇನೆ. ಯಾರೂ ಬಂದು ಹೊಡೆದಿಲ್ಲ.

ನನ್ನ ಮೊದಲ ವಿಮರ್ಶೆ ಒಪೆತ್ ಬ್ಯಾಂಡಿನ 'ಬ್ಲ್ಯಾಕ್‌ವಾಟರ್ ಪಾರ್ಕ್' ಬಗ್ಗೆ. ಸ್ವೀಡನ್ನಿನ ಬ್ಯಾಂಡ್, 2001ರ ಆಲ್ಬಮ್. ಗಿಟಾರ್ ಅದ್ಭುತ, ವಾತಾವರಣ ಗಾಢ, ಗಾಯನ ಕರ್ಕಶ ಅಂತೆಲ್ಲ ಬರೆದೆ. ಐದಕ್ಕೆ ಎರಡು ಸ್ಟಾರ್ ಕೊಟ್ಟೆ. ಅಷ್ಟು ಸಾಲದು ಅಂತ, ಇಬ್ಬರು ಗಾಯಕರಲ್ಲಿ ಇಂಪಾಗಿ ಹಾಡುವವನನ್ನು ಇಟ್ಟುಕೊಂಡು ಅಬ್ಬರಿಸುವವನನ್ನು ಮನೆಗೆ ಕಳಿಸಿ ಅಂತ ಸಲಹೆ ಬೇರೆ. ರೂಮ್‌ಮೇಟ್ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಇಬ್ಬರೂ ಒಬ್ಬನೇ ಮಾರಾಯ!" ನಿಜ. ಆ ಗ್ರೌಲೂ, ಅಂದರೆ ಅಬ್ಬರಿಸುವ ದನಿಯೂ, ಮಿಕೇಲ್ ಓಕರ್‌ಫೆಲ್ಟ್‌ನದೇ, ಆ ಮೆಲುದನಿಯೂ ಅವನದೇ. ಆಮೇಲೆ ರೂಮ್‌ಮೇಟ್ ಇನ್ನೊಂದು ಪ್ರಶ್ನೆ ಕೇಳಿದ: "ಗಿಟಾರ್ ಅದ್ಭುತ ಅಂದೆಯಲ್ಲ, ಎಷ್ಟನೇ ನಿಮಿಷದಲ್ಲಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಒಟ್ಟಾರೆ ಕೇಳಿದ್ದೆ, ಒಟ್ಟಾರೆ ಬರೆದಿದ್ದೆ. ಅವತ್ತಿನಿಂದ ಕೇಳಲು ಕೂತಾಗಲೆಲ್ಲ ಪಕ್ಕದಲ್ಲಿ ಒಂದು ನೋಟ್‌ಬುಕ್ ಇರುತ್ತದೆ. ಏನಾದರೂ ಆದ ಕೂಡಲೇ ನಿಮಿಷ ಗುರುತು ಹಾಕಿಕೊಳ್ಳುತ್ತೇನೆ. ಮೈ ಜುಮ್ ಅಂದರೆ ನಿಮಿಷ, ಬೇಜಾರಾಗಿ ಫೋನ್ ಕಡೆ ಕೈ ಹೋದರೆ ಅದೂ ನಿಮಿಷ. ಎರಡನೆಯದೇ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಒಂದು ಆಲ್ಬಮ್ ಇಟ್ಟುಕೊಂಡೇ ಹೇಳುತ್ತೇನೆ. ಇಂಗ್ಲೆಂಡಿನ ಯೆಸ್ ಬ್ಯಾಂಡಿನ 'ಕ್ಲೋಸ್ ಟು ದಿ ಎಡ್ಜ್', 1972. ಇರುವುದೇ ಮೂರು ಹಾಡು. ಮೊದಲನೆಯದು ಹದಿನೆಂಟು ನಿಮಿಷ ದಾಟುತ್ತದೆ. ಶುರುವಿಗೆ ಹಕ್ಕಿಗಳ ದನಿ, ನೀರಿನ ಸದ್ದು. ಒಂದು ನಿಮಿಷದ ಹೊತ್ತಿಗೆ ಇಡೀ ಬ್ಯಾಂಡ್ ಒಮ್ಮೆಲೇ ಬಿದ್ದುಬಿಡುತ್ತದೆ. ಒಬ್ಬೊಬ್ಬರು ಒಂದೊಂದು ಹಾಡು ನುಡಿಸುತ್ತಿದ್ದಾರೇನೋ ಅನಿಸುವಷ್ಟು ಗಲಾಟೆ. ಎಂಟೂವರೆ ನಿಮಿಷದ ಸುಮಾರಿಗೆ ಎಲ್ಲ ಇಳಿದು ಹೋಗುತ್ತದೆ. ತಾಳವೇ ಇಲ್ಲ ಅನ್ನುವ ಹಾಗೆ ಕೀಬೋರ್ಡ್ ತೇಲುತ್ತದೆ, ಅದರ ಮೇಲೆ ನಿಧಾನವಾಗಿ ದನಿಗಳು. ಹನ್ನೆರಡನೇ ನಿಮಿಷದಲ್ಲಿ ಚರ್ಚಿನ ಆರ್ಗನ್ ಮೊಳಗುತ್ತದೆ. ಅದು ಸ್ಟುಡಿಯೋ ಕೀಬೋರ್ಡ್ ಅಲ್ಲ. ಬ್ಯಾಂಡಿನ ಕೀಬೋರ್ಡ್ ವಾದಕ ರಿಕ್ ವೇಕ್‌ಮನ್ ಲಂಡನ್ನಿನ ಸೇಂಟ್ ಜೈಲ್ಸ್ ಚರ್ಚಿನಲ್ಲಿ ಕೂತು ನುಡಿಸಿದ್ದು. ಕೊನೆಗೆ ಅದೇ ಹಕ್ಕಿ, ಅದೇ ನೀರು.

ಈಗ ನೋಡಿ, "ಹಾಡಿನ ನಡುಭಾಗ ಭಾವಪೂರ್ಣವಾಗಿದೆ" ಅಂತ ಬರೆದರೆ ಓದುವವರಿಗೆ ಏನೂ ಸಿಗುವುದಿಲ್ಲ. "ಎಂಟು ನಿಮಿಷ ಓಡಿಸಿ ಓಡಿಸಿ ಸುಸ್ತು ಮಾಡಿ, ಆಮೇಲೆ ನೆರಳಲ್ಲಿ ಕೂರಿಸುತ್ತಾರೆ, ಅದಕ್ಕೇ ಹನ್ನೆರಡನೇ ನಿಮಿಷದ ಆರ್ಗನ್ ಅಷ್ಟು ದೊಡ್ಡದಾಗಿ ಕೇಳಿಸುತ್ತದೆ" ಅಂದರೆ ಓದಿದವರು ಹೋಗಿ ಹಾಕಿ ನೋಡುತ್ತಾರೆ. ನಿಮ್ಮ ಮಾತು ಒಪ್ಪದಿದ್ದರೆ ಜಗಳವನ್ನಾದರೂ ಆಡುತ್ತಾರೆ. (ಅದರ ಸಾಹಿತ್ಯಕ್ಕೆ ಅರ್ಥ ಹುಡುಕಲು ಹೋಗಬೇಡಿ. ನಾನು ಒಂದು ತಿಂಗಳು ಹಾಳು ಮಾಡಿಕೊಂಡೆ.)

ತಾಳದ ಬಗ್ಗೆ ಭಯ ಬೇಡ. ಪಶ್ಚಿಮದ ಹುಡುಗರು ಏಳು ಏಟಿನ ತಾಳಕ್ಕೆ ಸೆವೆನ್ ಫೋರ್ ಅಂತ ಬೆರಳು ಎಣಿಸುತ್ತಾರೆ. ನಮಗೆ ಏಳರದೇ ಮಿಶ್ರ ಚಾಪು ಇದೆಯಲ್ವಾ? ಪಕ್ಕದ ಮನೆಯಲ್ಲಿ ಯಾರಾದರೂ ಮೃದಂಗ ಕಲಿಯುತ್ತಿದ್ದರೆ ನಿಮ್ಮ ಕಿವಿಗೂ ಅದು ಬಿದ್ದಿರುತ್ತದೆ. ಪಿಂಕ್ ಫ್ಲಾಯ್ಡ್‌ನ 1973ರ 'ಡಾರ್ಕ್ ಸೈಡ್ ಆಫ್ ದಿ ಮೂನ್'ನಲ್ಲಿರುವ 'ಮನಿ' ಹಾಕಿ, ಒಂದೊಂದು ಏಟಿಗೆ ಒಂದೊಂದು ಅಕ್ಷರದಂತೆ ತ-ಕಿ-ಟ ತ-ಕ-ಧಿ-ಮಿ ಅಂದುಕೊಳ್ಳುತ್ತಾ ಹೋಗಿ. ಪ್ರತಿ ಸಲವೂ ಬೇಸ್ ಗಿಟಾರಿನ ರಿಫ್ (ಮತ್ತೆ ಮತ್ತೆ ಬರುವ ತುಣುಕು) ಶುರುವಾಗುವ ಜಾಗಕ್ಕೇ ಬಂದು ಸೇರುತ್ತೀರಿ. ಸ್ಯಾಕ್ಸೊಫೋನ್ ನುಡಿಯುವಾಗಲೂ ಏಳೇ. ಮೂರನೇ ನಿಮಿಷ ದಾಟಿ ಗಿಟಾರ್ ಸೋಲೋ ಬಂದಾಗ ನಿಮ್ಮ ಎಣಿಕೆ ತಪ್ಪುತ್ತದೆ. ತಪ್ಪು ನಿಮ್ಮದಲ್ಲ, ಹಾಡು ನಾಲ್ಕಕ್ಕೆ ಇಳಿದಿದೆ. ಕುಂಟುತ್ತಾ ನಡೆಯುತ್ತಿದ್ದವನು ಇದ್ದಕ್ಕಿದ್ದಂತೆ ಓಡಿದ ಹಾಗೆ ಅನಿಸುವುದು ಅದಕ್ಕೇ. ಆ ಅನಿಸಿಕೆಯನ್ನೇ ಬರೆಯಿರಿ. ಲೆಕ್ಕವನ್ನಷ್ಟೇ ಬರೆದರೆ ಗಣಿತದ ಹೋಮ್‌ವರ್ಕ್ ಆಗುತ್ತದೆ. ಟೂಲ್ ಬ್ಯಾಂಡಿನ 'ಲ್ಯಾಟರಾಲಸ್' ಬಗ್ಗೆ ಬರೆಯುವವರೆಲ್ಲ ತಾಳ ಒಂಬತ್ತು, ಎಂಟು, ಏಳು, ಫಿಬೊನಾಚಿ ಸಂಖ್ಯೆಗಳು ಅಂತ ಶುರು ಮಾಡಿ ಅಲ್ಲೇ ಮುಗಿಸುತ್ತಾರೆ. ಹಾಡು ಹೇಗಿದೆ ಅಂತ ಯಾರೂ ಹೇಳುವುದಿಲ್ಲ!

ಇನ್ನು ಕನ್ನಡದ ಪದಗಳು. ರಿಫ್, ಸೋಲೋ, ಗ್ರೌಲ್, ಡಿಸ್ಟಾರ್ಷನ್ (ಗಿಟಾರಿನ ಒಡಕು ದನಿ) ಹಾಗೇ ಇರಲಿ. 'ಪ್ರಗತಿಶೀಲ ಶಿಲಾ ಸಂಗೀತ' ಅಂತ ಒಬ್ಬರು ಬರೆದಿದ್ದನ್ನು ಓದಿದ್ದೇನೆ. ಪ್ರಗತಿಶೀಲ ಅಂದರೆ ನನಗೆ ಅನಕೃ ನೆನಪಾಗುತ್ತಾರೆ, ಪ್ರೋಗ್ ಬ್ಯಾಂಡ್ ಕಿಂಗ್ ಕ್ರಿಮ್ಸನ್ ಅಲ್ಲ. ಆದರೆ ಸದ್ದನ್ನು ವಿವರಿಸುವಾಗ ಮಾತ್ರ ಕನ್ನಡಕ್ಕೇ ಬನ್ನಿ. ನಮ್ಮಲ್ಲಿ ಅದಕ್ಕೆ ಬರವೇ ಇಲ್ಲ. ಮೆಟಲ್ ಆಲ್ಬಮ್ ಒಂದರಲ್ಲಿ ಡಬಲ್ ಬೇಸ್ ಡ್ರಮ್ 'ದಡದಡ' ಅನ್ನುತ್ತದಾ, 'ಟಕಟಕ' ಅನ್ನುತ್ತದಾ? ದಡದಡ ಅಂದರೆ ಎದೆಗೆ ಬಡಿಯುತ್ತದೆ. ಟಕಟಕ ಅಂದರೆ ಟೈಪ್‌ರೈಟರ್ ಥರ, ವೇಗ ಗೊತ್ತಾಗುತ್ತದೆ, ಭಾರ ಇಲ್ಲ. ಒಂದೇ ಪದದಲ್ಲಿ ಮಿಕ್ಸಿಂಗ್ (ವಾದ್ಯಗಳ ಸದ್ದನ್ನು ಹದವಾಗಿ ಬೆರೆಸುವುದು) ಬಗ್ಗೆ ಅರ್ಧ ಪುಟದ ಮಾತು ಹೇಳಿದಂತಾಯಿತು.

ರೆಕಾರ್ಡಿಂಗ್ ಬಗ್ಗೆ ಹೇಳುವುದೂ ವಿಮರ್ಶೆಯೇ. ಮೆಟಾಲಿಕಾದ 2008ರ 'ಡೆತ್ ಮ್ಯಾಗ್ನೆಟಿಕ್' ಬಂದಾಗ ಹಾಡುಗಳಿಗಿಂತ ಅದರ ಸದ್ದಿನದೇ ಸುದ್ದಿ. ಎಲ್ಲವನ್ನೂ ಎಷ್ಟು ಜೋರು ಮಾಡಿದ್ದರು ಅಂದರೆ ಡ್ರಮ್ಸ್ ಏಟುಗಳೇ ಒಡೆದು ಕೇಳುತ್ತಿದ್ದವು. ಅದೇ ಹಾಡುಗಳು 'ಗಿಟಾರ್ ಹೀರೋ' ವಿಡಿಯೋ ಗೇಮ್‌ನಲ್ಲಿ ಚೆನ್ನಾಗಿ ಉಸಿರಾಡುತ್ತಿದ್ದವು. ಸಾವಿರಾರು ಅಭಿಮಾನಿಗಳು ಸಹಿ ಹಾಕಿ ಮತ್ತೆ ಮಿಕ್ಸ್ ಮಾಡಿ ಅಂತ ಕೇಳಿಕೊಂಡರು. ಮೂರು ವರ್ಷದ ಮೇಲೆ, 2011ರ ಅಕ್ಟೋಬರಿನಲ್ಲಿ, ಬೆಂಗಳೂರಿನ ಅರಮನೆ ಮೈದಾನದ ಕೆಸರಿನಲ್ಲಿ ನಿಂತು ಮೆಟಾಲಿಕಾ ಕೇಳಿದೆ. ನನಗೆ ಮೈದಾನದ ಸದ್ದೇ ಆ ಸೀಡಿಗಿಂತ ಚೆನ್ನಾಗಿತ್ತು. ಹಾಗೆಯೇ, ಹಳೆಯ ಆಲ್ಬಮ್ ಆದರೆ ಯಾವ ಮಿಕ್ಸ್ ಕೇಳಿದಿರಿ ಅಂತ ಒಂದು ಸಾಲು ಹಾಕಿ. 'ಬ್ಲ್ಯಾಕ್‌ವಾಟರ್ ಪಾರ್ಕ್'ನ ನಿರ್ಮಾಪಕ ಸ್ಟೀವನ್ ವಿಲ್ಸನ್ ಮುಂದೆ ಯೆಸ್, ಕಿಂಗ್ ಕ್ರಿಮ್ಸನ್ ಎರಡನ್ನೂ ಹೊಸದಾಗಿ ಮಿಕ್ಸ್ ಮಾಡಿದ್ದಾನೆ. ಎರಡು ಮಿಕ್ಸ್ ಅಂದರೆ ಹೆಚ್ಚುಕಮ್ಮಿ ಎರಡು ಆಲ್ಬಮ್.

ಉದ್ದದ ಬಗ್ಗೆ ನನ್ನದೊಂದು ಹಠ ಇದೆ. ಎಲ್‌ಪಿ ಕಾಲದಲ್ಲಿ ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷ ಚಿಲ್ಲರೆ ಹಿಡಿಸುತ್ತಿತ್ತು. ಕೆನಡಾದ ರಷ್ 1976ರಲ್ಲಿ '2112' ಮಾಡಿದಾಗ, ಹಿಂದಿನ ಆಲ್ಬಮ್ ಓಡದೆ ರೆಕಾರ್ಡ್ ಕಂಪನಿ ಚಿಕ್ಕ ಹಾಡು ಕೇಳುತ್ತಿತ್ತು. ಇವರು ಒಂದು ಮಗ್ಗುಲಿನ ತುಂಬಾ ಒಂದೇ ಹಾಡು ಹಾಕಿದರು. ಆ ಮಿತಿಯಲ್ಲಿ ಬಿಗಿ ಇತ್ತು. ಸೀಡಿ ಬಂದ ಮೇಲೆ ಜಾಗ ಇದೆ ಅಂತ ತುಂಬಿಸಿದ್ದೇ ತುಂಬಿಸಿದ್ದು. ಡ್ರೀಮ್ ಥಿಯೇಟರ್‌ನ 1999ರ 'ಸೀನ್ಸ್ ಫ್ರಮ್ ಎ ಮೆಮೊರಿ' ನನಗೆ ತುಂಬಾ ಇಷ್ಟ. ಆದರೂ ಎಪ್ಪತ್ತೇಳು ನಿಮಿಷದಲ್ಲಿ ಹದಿನೈದು ಕತ್ತರಿಸಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಮೇರುಕೃತಿ ಅಂತ ಎಲ್ಲರೂ ಹೇಳಿದ ಮಾತ್ರಕ್ಕೆ ನೀವೂ ಕೈ ಮುಗಿಯಬೇಕಿಲ್ಲ. ಕಿಂಗ್ ಕ್ರಿಮ್ಸನ್ ಬ್ಯಾಂಡಿನ 1969ರ 'ಇನ್ ದಿ ಕೋರ್ಟ್ ಆಫ್ ದಿ ಕ್ರಿಮ್ಸನ್ ಕಿಂಗ್'ನಲ್ಲಿ 'ಮೂನ್‌ಚೈಲ್ಡ್' ಅಂತ ಹನ್ನೆರಡು ನಿಮಿಷದ ಹಾಡಿದೆ. ಹಾಡು ಇರುವುದು ಮೊದಲ ಎರಡು ಚಿಲ್ಲರೆ ನಿಮಿಷ. ಆಮೇಲೆ ಗಿಟಾರ್, ಡ್ರಮ್ಸ್, ವೈಬ್ರಾಫೋನ್ ಟಿಣ್ ಟಿಣ್ ಅಂತ ಒಂದನ್ನೊಂದು ಹುಡುಕಾಡುತ್ತಿರುತ್ತವೆ. ಅದು ಸ್ಥಳದಲ್ಲೇ ಹುಟ್ಟಿದ ಮನೋಧರ್ಮ ಅಂತ ಗೊತ್ತು. ಆದರೂ ನನ್ನ ನೋಟ್‌ಬುಕ್‌ನಲ್ಲಿ 'ಐದನೇ ನಿಮಿಷ, ಕಾಫಿ' ಅಂತಿದೆ. ಅದನ್ನು ಹಾಗೇ ವಿಮರ್ಶೆಯಲ್ಲೂ ಬರೆದೆ. ಬೈದವರೂ ಇದ್ದಾರೆ, ತಮ್ಮದೂ ಅದೇ ಕತೆ ಅಂದವರೂ ಇದ್ದಾರೆ.

ಸ್ಟಾರ್ ಬೇಕಾದರೆ ಕೊಡಿ, ಬೇಡವಾದರೆ ಬಿಡಿ. ನಾನು ಈಗ ಕೊಡುವುದಿಲ್ಲ. ಒಪೆತ್‌ಗೆ ಕೊಟ್ಟ ಆ ಎರಡು ಸ್ಟಾರ್ ಮಾತ್ರ ಇನ್ನೂ ಅಲ್ಲೇ ಇವೆ. ಅಳಿಸಿಲ್ಲ. ಮನೆಗೆ ಕಳಿಸಿ ಅಂತ ಬರೆದಿದ್ದೆನಲ್ಲ, ಆ ದನಿ ಕೇಳದೆ ನನಗೆ ಈಗ ವಾರ ಕಳೆಯುವುದಿಲ್ಲ.