ನನಗೆ ಎಡಿಎಚ್‌ಡಿ, ಅಂದರೆ ಗಮನ ಒಂದೆಡೆ ನಿಲ್ಲದ ತೊಂದರೆ, ಇದೆ ಅಂತ ಈಗ ಗೊತ್ತಾಯ್ತು. ಕ್ಲಾಸುಗಳನ್ನೆಲ್ಲ ರೆಕಾರ್ಡ್ ಮಾಡಿಕೊಳ್ಳಲು ಒಳ್ಳೆಯ ಆ್ಯಪ್ ಯಾವುದು?

ಇದೇ ಪ್ರಶ್ನೆ ಇಟ್ಟುಕೊಂಡು ನಾನೂ ಒದ್ದಾಡಿದ್ದೇನೆ. ಕ್ಲಾಸಿನಲ್ಲಿ ಕೂತರೂ ತಲೆ ಅಲ್ಲಿರುವುದಿಲ್ಲ, ಅದಕ್ಕೇ ಪಾಠವನ್ನೆಲ್ಲ ರೆಕಾರ್ಡ್ ಮಾಡಿಕೊಂಡು ರೂಮಿಗೆ ಬಂದು ನಿಧಾನವಾಗಿ ಕೇಳೋಣ ಅಂತ ನಿಮ್ಮ ಲೆಕ್ಕಾಚಾರ. ಜೊತೆಗೆ ಹೊರಗಿನ ಸದ್ದು ತಡೆಯುವ ಹೆಡ್‌ಫೋನ್ ತಗೊಳ್ಳಲಾ, ಗಮನ ಹೆಚ್ಚಿಸುವ ಗೇಮ್‌ಗಳು ಕೆಲಸ ಮಾಡುತ್ತವಾ ಅಂತಲೂ ಕೇಳಿದ್ದೀರಿ. ನೇರವಾಗಿ ಹೇಳಿಬಿಡುತ್ತೇನೆ: ಎಲ್ಲವನ್ನೂ ರೆಕಾರ್ಡ್ ಮಾಡುವ ಯೋಚನೆ ಕೈಬಿಡಿ. ನಾನು ಅದನ್ನೇ ಮಾಡಿ ಒಂದು ವರ್ಷ ಕಳೆದುಕೊಂಡೆ.

ನನಗೆ ಗೊತ್ತಾಗಿದ್ದು ಡಿಗ್ರಿ ಎರಡನೇ ವರ್ಷದಲ್ಲಿ. ಡಾಕ್ಟರು ನನ್ನ ಸ್ಕೂಲಿನ ಹಳೇ ರಿಪೋರ್ಟ್ ಕಾರ್ಡುಗಳನ್ನು ತರಿಸಿ ನೋಡಿದರು. ಯಾಕೆಂದರೆ 2013ರಲ್ಲಿ ಬಂದ, ಮಾನಸಿಕ ತೊಂದರೆಗಳನ್ನು ಗುರುತಿಸಲು ಡಾಕ್ಟರುಗಳು ಬಳಸುವ ಕೈಪಿಡಿಯಾದ ಡಿಎಸ್‌ಎಂ-5 ಪ್ರಕಾರ ಲಕ್ಷಣಗಳು 12 ವರ್ಷ ತುಂಬುವ ಮೊದಲೇ ಕಾಣಿಸಿಕೊಂಡಿರಬೇಕು. ಪ್ರತಿ ಕಾರ್ಡಿನಲ್ಲೂ ಒಂದೇ ಮಾತು: ಬುದ್ಧಿ ಇದೆ, ಗಮನ ಇಲ್ಲ. ಸೋಮಾರಿ ಅನ್ನಿಸಿಕೊಂಡು ಬೆಳೆದ ನನಗೆ ಅವತ್ತು ಎದೆ ಮೇಲಿನ ಭಾರ ಇಳಿದಂತಾಯ್ತು. ಸಮಸ್ಯೆ ಏನು ಅಂತ ತಿಳಿಯಿತಲ್ಲ, ಇನ್ನು ಅದಕ್ಕೆ ತಕ್ಕ ಸಾಧನ ಹುಡುಕಿಕೊಂಡರೆ ಆಯ್ತು ಅಂದುಕೊಂಡು ಮೊದಲು ಮಾಡಿದ ಕೆಲಸವೇ ರೆಕಾರ್ಡಿಂಗ್.

ಶುರುವಿನಲ್ಲಿ ಬಹಳ ನೆಮ್ಮದಿ ಇತ್ತು. ಬೆಂಚಿನ ಮೇಲೆ ಫೋನ್ ಇಟ್ಟು, ಕೆಂಪು ಬಟನ್ ಒತ್ತಿ, ಪೆನ್ನು ಕೆಳಗಿಡುತ್ತಿದ್ದೆ. ಪೆನ್ನು ಕೆಳಗಿಟ್ಟಿದ್ದೇ ತಪ್ಪು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನನಗೆ ಇದು ಅರ್ಥವಾಗಲು ತುಂಬಾ ಸಮಯ ಹಿಡಿಯಿತು.

ಮೊದಲನೆಯದಾಗಿ, ಹೇಗೂ ರೆಕಾರ್ಡ್ ಆಗ್ತಾ ಇದೆಯಲ್ಲ ಅನ್ನುವ ಧೈರ್ಯ ಬಂತು. ಅಲ್ಲಿಯವರೆಗೆ ಅರ್ಧಂಬರ್ಧ ಆದರೂ ಬರೆಯುತ್ತಿದ್ದೆ. ಬರೆಯುವ ಕೈ ನನ್ನನ್ನು ಆಗಾಗ ಕ್ಲಾಸಿಗೆ ಎಳೆದು ತರುತ್ತಿತ್ತು. ಕೈ ಸುಮ್ಮನಾದ ಮೇಲೆ ಎಳೆದು ತರುವವರು ಯಾರೂ ಇರಲಿಲ್ಲ. ಇದ್ದ ಚೂರುಪಾರು ಗಮನವೂ ಹೋಯ್ತು.

ಎರಡನೆಯದು, ಒಂದು ಗಂಟೆಯ ಪಾಠ ಕೇಳಲು ಮತ್ತೆ ಒಂದು ಗಂಟೆ ಬೇಕು. ಇದು ಯಾರಿಗಾದರೂ ಗೊತ್ತಾಗುವ ಲೆಕ್ಕ. ಆದರೆ ದಿನಕ್ಕೆ ನಾಲ್ಕೈದು ಕ್ಲಾಸು ಇರುವವರು ಸಂಜೆ ಮತ್ತೆ ನಾಲ್ಕೈದು ಗಂಟೆ ಎಲ್ಲಿಂದ ತರಬೇಕು? ವೇಗ ಹೆಚ್ಚಿಸಿ ಕೇಳಬಹುದು ಅಂತೀರಿ. ನಾನೂ ಮಾಡಿ ನೋಡಿದೆ. ಗಮನ ಜಾರಿದರೆ ವೇಗದಲ್ಲಿ ಇನ್ನೂ ಜಾಸ್ತಿ ತಪ್ಪಿಹೋಗುತ್ತದೆ ಅಷ್ಟೇ.

ಮೂರನೆಯದೇ ನನ್ನನ್ನು ಮುಳುಗಿಸಿದ್ದು. ಬರೀ ಧ್ವನಿ ಕೇಳುತ್ತಾ ಕೂರುವುದು ನಮ್ಮಂಥವರಿಗೆ ಕ್ಲಾಸಿಗಿಂತ ಕಷ್ಟ. ಕ್ಲಾಸಿನಲ್ಲಿ ಮೇಷ್ಟ್ರು ಓಡಾಡುತ್ತಾರೆ, ಬೋರ್ಡಿನ ಮೇಲೆ ಏನೋ ಬರೆಯುತ್ತಾರೆ, ಯಾರೋ ಪ್ರಶ್ನೆ ಕೇಳುತ್ತಾರೆ. ರೂಮಿನಲ್ಲಿ ಇಯರ್‌ಫೋನ್ ಹಾಕಿಕೊಂಡರೆ ದೂರದಿಂದ ಬರುವ ಒಂದು ಮಂದ ಧ್ವನಿ, ಕುರ್ಚಿ ಎಳೆಯುವ ಸದ್ದು, ಪಕ್ಕದವರ ಕೆಮ್ಮು. ನಡುವೆ ಮೇಷ್ಟ್ರು ಹೇಳುತ್ತಾರೆ: "ಇಲ್ಲಿ ನೋಡಿ, ಇದನ್ನು ತಂದು ಇಲ್ಲಿಗೆ ಹಾಕಿದರೆ, ಇದು ಹೊರಟುಹೋಗುತ್ತೆ. ಗೊತ್ತಾಯ್ತಾ?" ಯಾವುದನ್ನು? ಎಲ್ಲಿಗೆ? ಬೋರ್ಡು ರೆಕಾರ್ಡ್ ಆಗಿರುವುದಿಲ್ಲವಲ್ಲ. ಹಿಂದಕ್ಕೆ ಹೋಗಿ ಮತ್ತೆ ಕೇಳುತ್ತಿದ್ದೆ. ಅಷ್ಟರಲ್ಲಿ ಮನಸ್ಸು ಬೇರೆ ಕಡೆ. ಮತ್ತೆ ಹಿಂದಕ್ಕೆ.

ಕೇಳದ ರೆಕಾರ್ಡಿಂಗ್‌ಗಳು ಬೆಳೆಯುತ್ತಾ ಹೋದವು. ಫೋಲ್ಡರ್ ತೆರೆದರೆ ಸಾಲಾಗಿ ತಾರೀಖುಗಳು, ಒಂದಕ್ಕೂ ವಿಷಯದ ಹೆಸರಿಲ್ಲ. ಗುಡ್ಡೆ ದೊಡ್ಡದಾದಷ್ಟೂ ಮುಟ್ಟಲು ಭಯ. ಕೆಲಸ ಶುರು ಮಾಡುವುದೇ ಕಷ್ಟವಾಗಿರುವ ಮನುಷ್ಯನಿಗೆ ಶುರು ಎಲ್ಲಿ ಅಂತಲೇ ಗೊತ್ತಿಲ್ಲದ ಕೆಲಸ ಕೊಟ್ಟ ಹಾಗಾಯ್ತು. ಪರೀಕ್ಷೆ ಹತ್ತಿರ ಬಂದಾಗ ನನ್ನ ಹತ್ತಿರ ಪಾಠಗಳೆಲ್ಲ ಇದ್ದವು, ಓದಲು ಒಂದು ಪುಟವೂ ಇರಲಿಲ್ಲ. ಮುಖ್ಯವಾದ ಎರಡು ವಿಷಯ ಹೋದವು, ವರ್ಷವೂ ಹೋಯ್ತು.

ಮನೋವಿಜ್ಞಾನಿ ರಸೆಲ್ ಬಾರ್ಕ್‌ಲಿ ಎಡಿಎಚ್‌ಡಿ ಬಗ್ಗೆ ದಶಕಗಳಿಂದ ಹೇಳುತ್ತಾ ಬಂದ ಮಾತನ್ನು ನಾನು ಓದಿದ್ದು ಆಮೇಲೆ. ಏನು ಮಾಡಬೇಕು ಅನ್ನುವುದು ನಮಗೆ ಗೊತ್ತಿರುತ್ತದೆ, ಗೊತ್ತಿರುವುದನ್ನು ಬೇಕಾದ ಹೊತ್ತಿನಲ್ಲಿ ಮಾಡುವುದರಲ್ಲಿ ತೊಡಕು. ಆದ್ದರಿಂದ ಸಹಾಯ ಸಿಗಬೇಕಾದದ್ದು ಕೆಲಸ ನಡೆಯುವ ಜಾಗದಲ್ಲೇ, ಆ ಹೊತ್ತಿನಲ್ಲೇ. ತಲೆಯಲ್ಲಿ ಹಿಡಿದಿಟ್ಟುಕೊಳ್ಳಲು ಆಗದ್ದನ್ನು ಕಣ್ಣೆದುರಿಗೆ ತಂದು ಇಡಬೇಕು. ನನ್ನ ರೆಕಾರ್ಡಿಂಗ್ ಮಾಡಿದ್ದು ಇದಕ್ಕೆ ಪೂರ್ತಿ ವಿರುದ್ಧ. ಕ್ಲಾಸಿನ ಕಷ್ಟವನ್ನು ಎತ್ತಿ ಸಂಜೆಗೆ ಹಾಕಿತು. ಸಂಜೆ ಹೊತ್ತು ನನ್ನನ್ನು ಹಿಡಿದು ಕೂರಿಸುವವರು ಯಾರಿದ್ದರು?

ಮರುವರ್ಷ ಒಬ್ಬ ಸೀನಿಯರ್ ಅವರ ಸ್ಮಾರ್ಟ್‌ಪೆನ್ ತೋರಿಸಿದರು. ಲೈವ್‌ಸ್ಕ್ರೈಬ್ ಅನ್ನುವ ಕಂಪನಿ 2008ರಲ್ಲಿ ಇಂಥ ಪೆನ್ನನ್ನು ಮಾರುಕಟ್ಟೆಗೆ ತಂದಿತು. ತುದಿಯ ಹತ್ತಿರ ಪುಟ್ಟ ಕ್ಯಾಮೆರಾ, ಒಳಗೆ ರೆಕಾರ್ಡರ್. ಅದರ ಹಾಳೆಯಲ್ಲಿ ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಚುಕ್ಕಿಗಳಿರುತ್ತವೆ. ಆ ಚುಕ್ಕಿಗಳಿಂದ ಪೆನ್ನಿಗೆ ತಾನು ಹಾಳೆಯ ಯಾವ ಜಾಗದಲ್ಲಿದ್ದೇನೆ ಅಂತ ತಿಳಿಯುತ್ತದೆ. ಆಮೇಲೆ ಬರೆದ ಪದದ ಮೇಲೆ ಪೆನ್ನಿನಿಂದ ತಟ್ಟಿದರೆ, ಅದನ್ನು ಬರೆದ ಹೊತ್ತಿನಲ್ಲಿ ಮೇಷ್ಟ್ರು ಏನು ಹೇಳುತ್ತಿದ್ದರೋ ಅದು ಕೇಳುತ್ತದೆ.

ಅವರ ನೋಟ್‌ಬುಕ್ ನೋಡಿ ಆಶ್ಚರ್ಯವಾಯ್ತು. ಪುಟಕ್ಕೆ ಹೆಚ್ಚೆಂದರೆ ಹತ್ತು ಹನ್ನೆರಡು ಸಾಲು. ಬೋರ್ಡಿನ ಚಿತ್ರ, ಎರಡು ಮೂರು ಪದ, ಅಂಚಿನಲ್ಲಿ ಅಲ್ಲಲ್ಲಿ ನಕ್ಷತ್ರ. ನಕ್ಷತ್ರ ಯಾಕೆ ಅಂತ ಕೇಳಿದೆ. "ಅಲ್ಲಿ ನನ್ನ ತಲೆ ಎಲ್ಲೋ ಹೋಗಿತ್ತು" ಅಂದರು. ಗಮನ ತಪ್ಪಿದೆ ಅಂತ ಗೊತ್ತಾಗುವುದೇ ವಾಪಸ್ ಬಂದ ಮೇಲೆ, ಅಲ್ವಾ? ಆ ಕ್ಷಣ ಒಂದು ನಕ್ಷತ್ರ. ಬೇಜಾರು ಮಾಡಿಕೊಳ್ಳುವುದಿಲ್ಲ, ಪಕ್ಕದವರನ್ನು ಕೇಳುವುದಿಲ್ಲ, ಬರವಣಿಗೆ ಮುಂದುವರಿಸುವುದು. ಸಂಜೆ ನಕ್ಷತ್ರದ ಮೇಲೆ ತಟ್ಟುವುದಿಲ್ಲ, ಅದಕ್ಕಿಂತ ಮೇಲಿನ ಸಾಲಿನ ಮೇಲೆ ತಟ್ಟುತ್ತಾರೆ. ಯಾಕೆಂದರೆ ತಪ್ಪಿಹೋದ ಭಾಗ ಇರುವುದು ಆ ಸಾಲಿಗೂ ನಕ್ಷತ್ರಕ್ಕೂ ನಡುವೆ. ಅಷ್ಟನ್ನೇ ಕೇಳಿ, ಖಾಲಿ ಜಾಗದಲ್ಲಿ ಬರೆದು, ಮುಗಿಸುವುದು.

ನಾನು ಇವತ್ತಿಗೂ ಹೀಗೇ ಮಾಡುತ್ತೇನೆ. ಆ ಪೆನ್ನೇ ಆಗಬೇಕು ಅಂತಿಲ್ಲ. ಒನ್‌ನೋಟ್, ನೋಟಬಿಲಿಟಿ ಎಂಬ ನೋಟ್ಸ್ ಆ್ಯಪ್‌ಗಳಲ್ಲಿ ರೆಕಾರ್ಡ್ ಆಗುವಾಗ ಬರೆದ ಟಿಪ್ಪಣಿಗಳು ಧ್ವನಿಯ ಜೊತೆ ಅದೇ ರೀತಿ ಜೋಡಿಸಿಕೊಳ್ಳುತ್ತವೆ. ಅದೂ ಇಲ್ಲ ಅಂದರೆ ಮಾಮೂಲಿ ರೆಕಾರ್ಡರ್ ಇಟ್ಟುಕೊಂಡು ನಕ್ಷತ್ರದ ಪಕ್ಕ ರೆಕಾರ್ಡರಿನ ನಿಮಿಷ ಬರೆಯಿರಿ. ನಿಮ್ಮ ಪ್ರಶ್ನೆಗೆ ಹೆಸರು ಬೇಕಿತ್ತಲ್ಲ, ಇಷ್ಟೇ. ಬರೆಯುವ ಕೈ ನಿಲ್ಲಬಾರದು, ಅದೊಂದೇ ಷರತ್ತು.

ಈಗ ಪಾಠವನ್ನು ತಾನೇ ಬರಹಕ್ಕಿಳಿಸಿ ಸಾರಾಂಶ ಮಾಡಿಕೊಡುವ ಆ್ಯಪ್‌ಗಳೂ ಬಂದಿವೆ. ಬರಹದಲ್ಲಿದ್ದರೆ ಹುಡುಕಬಹುದು, ಅದು ನಿಜಕ್ಕೂ ಅನುಕೂಲ. ಆದರೆ ಸಾರಾಂಶ ಬರುತ್ತೆ ಬಿಡು ಅಂತ ನೀವು ಕ್ಲಾಸಿನಲ್ಲಿ ಕೈಕಟ್ಟಿ ಕೂತರೆ ಅದು ನನ್ನ ಹಳೇ ಫೋಲ್ಡರೇ. ಈ ಸಲ ಅಕ್ಷರದಲ್ಲಿ.

ಸಮಯದ ವಿಷಯಕ್ಕೆ ಬರುತ್ತೇನೆ. ನೀವು ಅದನ್ನು ಕೇಳಲೇ ಇಲ್ಲ, ಆದರೆ ಕ್ಲಾಸಿನ ಸಮಸ್ಯೆ ಇರುವವರಿಗೆ ಇದೂ ಇದ್ದೇ ಇರುತ್ತದೆ. "ಇನ್ನೂ ಟೈಮಿದೆ" ಮತ್ತು "ಟೈಮೇ ಇಲ್ಲ" ಎರಡೇ ಗೊತ್ತು ನಮಗೆ. ಫೋನಿನ ಟೈಮರ್ ಇದಕ್ಕೆ ಪ್ರಯೋಜನವಿಲ್ಲ. ಸ್ಕ್ರೀನ್ ಆಫ್ ಆದ ತಕ್ಷಣ ಸಮಯ ಮತ್ತೆ ಕಣ್ಮರೆ, ನೋಡಲು ಫೋನ್ ತೆಗೆದರೆ ಇನ್ನೇನೋ ಎಳೆದುಕೊಂಡು ಹೋಗುತ್ತದೆ. ಮೇಜಿನ ಮೇಲೆ ಇಡುವ, ಬೇರೆ ಯಾವ ಕೆಲಸವನ್ನೂ ಮಾಡದ ಟೈಮರ್ ತಗೊಳ್ಳಿ. ಜ್ಯಾನ್ ರಾಜರ್ಸ್ ಎಂಬ ತಾಯಿ ತನ್ನ ಪುಟ್ಟ ಮಗಳಿಗೆ ಇನ್ನೆಷ್ಟು ಹೊತ್ತು ಅಂತ ತೋರಿಸಲು ಟೈಮ್ ಟೈಮರ್ ಎಂಬ ಗಡಿಯಾರ ರೂಪಿಸಿದರು. ಅದರಲ್ಲಿ ಕೆಂಪು ತಟ್ಟೆಯೊಂದು ಉಳಿದ ಸಮಯದಷ್ಟೇ ಕಾಣುತ್ತದೆ, ಹೊತ್ತು ಸರಿದ ಹಾಗೆ ಸವೆಯುತ್ತದೆ. ಓದದೆಯೇ, ಲೆಕ್ಕ ಹಾಕದೆಯೇ ಗೊತ್ತಾಗುತ್ತದೆ. ಅದೇ ತರಹದ್ದು ಯಾವುದಾದರೂ ಸರಿ.

ಪೊಮೊಡೊರೊ ಬಗ್ಗೆ ಎಲ್ಲರೂ ಹೇಳುತ್ತಾರೆ. ಫ್ರಾನ್ಸೆಸ್ಕೊ ಚಿರಿಲೊ 1980ರ ದಶಕದ ಕೊನೆಯಲ್ಲಿ ತಾವೇ ಓದುವಾಗ ಮಾಡಿಕೊಂಡ ಪದ್ಧತಿ ಅದು, 25 ನಿಮಿಷ ಕೆಲಸ, 5 ನಿಮಿಷ ಬಿಡುವು. ಆ 25ಕ್ಕೆ ಅಂಟಿಕೊಳ್ಳಬೇಡಿ. ಶುರು ಮಾಡಲು ಆಗದ ದಿನ 10 ಇಡಿ. ಓದು ಹಿಡಿತಕ್ಕೆ ಬಂದ ದಿನ ಬೆಲ್ ಹೊಡೆಯಿತು ಅಂತ ಎದ್ದು ಹೋಗಬೇಡಿ. ಎದ್ದರೆ ವಾಪಸ್ ಬರುವುದೇ ನಮಗೆ ದೊಡ್ಡ ಕೆಲಸ.

ಅಲಾರಂ ಕೂಡ ಹೀಗೇ. "ಓದು" ಅಂತ ರಾತ್ರಿ ಎಂಟಕ್ಕೆ ಅಲಾರಂ ಇಟ್ಟರೆ ಕೆಲವು ದಿನದಲ್ಲಿ ಕಿವಿಗೆ ಅಭ್ಯಾಸವಾಗಿ ಬೆರಳು ತಾನೇ ಆಫ್ ಮಾಡುತ್ತದೆ. ಪೀಟರ್ ಗಾಲ್ವಿಟ್ಜರ್ ಎಂಬ ಮನೋವಿಜ್ಞಾನಿ "ಇದಾದರೆ ಇದನ್ನು ಮಾಡುತ್ತೇನೆ" ಎಂಬ ರೀತಿಯ ಯೋಜನೆಗಳ ಬಗ್ಗೆ ಬಹಳ ಕೆಲಸ ಮಾಡಿದ್ದಾರೆ, ಎಡಿಎಚ್‌ಡಿ ಇರುವ ಮಕ್ಕಳ ಮೇಲೂ ಅದನ್ನು ಪರೀಕ್ಷಿಸಿದ್ದಾರೆ. ನನ್ನದು: ಬ್ಯಾಗು ಕೆಳಗಿಟ್ಟರೆ ನೋಟ್‌ಬುಕ್ ತೆಗೆದು ಮೇಜಿನ ಮೇಲೆ ತೆರೆದಿಡುತ್ತೇನೆ. ಕೂರುವುದು ಆಮೇಲೆ. ತೆರೆದಿದ್ದರೆ ನಕ್ಷತ್ರ ಕಾಣುತ್ತದೆ. ಅಲಾರಂ ಇಡಲೇಬೇಕಾದರೆ ಅದರ ಹೆಸರಿನಲ್ಲಿ ಮಾಡಬೇಕಾದ ಮೊದಲ ಸಣ್ಣ ಕೆಲಸ ಬರೆಯಿರಿ, ವಿಷಯದ ಹೆಸರಲ್ಲ.

ಉದ್ದದ ಓದಿಗೆ ಮೈಕ್ರೋಸಾಫ್ಟ್‌ನ ಇಮ್ಮರ್ಸಿವ್ ರೀಡರ್ ನೋಡಿ. ಜೋರಾಗಿ ಓದಿ ಹೇಳುತ್ತಾ ಆ ಪದವನ್ನು ಎತ್ತಿ ತೋರಿಸುತ್ತದೆ, ಬೇಕಾದರೆ ಒಂದೋ ಮೂರೋ ಸಾಲು ಬಿಟ್ಟು ಉಳಿದದ್ದನ್ನು ಮಸುಕು ಮಾಡುತ್ತದೆ. ಒಂದೇ ಸಾಲನ್ನು ಮತ್ತೆ ಮತ್ತೆ ಓದುವ ಕಾಟ ಇದರಿಂದ ನನಗೆ ಕಡಿಮೆಯಾಯ್ತು.

ಹೆಡ್‌ಫೋನ್: ಕೊಳ್ಳುವ ಮೊದಲು ಸುಮ್ನೆ ಇರುವ ಇಯರ್‌ಫೋನ್‌ನಲ್ಲೇ ವೈಟ್ ನಾಯ್ಸ್, ಅಂದರೆ ಒಂದೇ ಸಮನೆ ಸುಯ್ಯೆನ್ನುವ ಸದ್ದು, ಹಾಕಿ ನೋಡಿ. ಪೂರ್ತಿ ನಿಶ್ಶಬ್ದ ಎಲ್ಲರಿಗೂ ಒಳ್ಳೆಯದಲ್ಲ. 2007ರಲ್ಲಿ ಯೋರಾನ್ ಸೋಡರ್‌ಲುಂಡ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ ಇಂಥ ಸದ್ದಿನ ನಡುವೆ ಎಡಿಎಚ್‌ಡಿ ಇರುವ ಮಕ್ಕಳ ನೆನಪಿನ ಕೆಲಸ ಸುಧಾರಿಸಿತು, ಇಲ್ಲದ ಮಕ್ಕಳದ್ದು ಕೆಟ್ಟಿತು. ಹಾಗಾಗಿ ರೂಮ್‌ಮೇಟ್‌ಗೆ ಇಷ್ಟವಾಗದಿದ್ದರೆ ನೀವು ನಿಲ್ಲಿಸಬೇಕಾಗಿಲ್ಲ, ಸ್ಪೀಕರಿನಲ್ಲಿ ಹಾಕಬೇಡಿ ಅಷ್ಟೇ. ಧ್ವನಿ ಕಿವಿಗೆ ಹಿತವಾಗಿರುವಷ್ಟೇ ಇರಲಿ.

ಗೇಮ್‌ಗಳಿಗೆ ನನ್ನ ಉತ್ತರ ಬೇಡ ಅಂತ. 2020ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಎಂಡೆವರ್‌ಆರ್‌ಎಕ್ಸ್ ಎಂಬ ಗೇಮ್‌ಗೆ 8ರಿಂದ 12 ವರ್ಷದ ಮಕ್ಕಳಿಗಾಗಿ ಅನುಮತಿ ಕೊಟ್ಟಿದ್ದು ನಿಜ. ಆದರೆ ಅದು ಕಂಪ್ಯೂಟರಿನಲ್ಲಿ ಅಳೆಯುವ ಗಮನದ ಪರೀಕ್ಷೆಯ ಆಧಾರದ ಮೇಲೆ, ಅದೂ ಬೇರೆ ಚಿಕಿತ್ಸೆಯ ಜೊತೆಗೆ. ನೆನಪಿನ ಶಕ್ತಿ ಹೆಚ್ಚಿಸುವ ತರಬೇತಿಗಳ ಅಧ್ಯಯನಗಳನ್ನು 2013ರಲ್ಲಿ ಒಟ್ಟಿಗೆ ತೂಗಿ ನೋಡಿದ ಮೆಲ್ಬಿ-ಲೆರ್ವೋಗ್ ಮತ್ತು ಹ್ಯೂಮ್ ಅವರಿಗೆ ಕಂಡಿದ್ದು, ಅಭ್ಯಾಸ ಮಾಡಿದಂಥ ಆಟಗಳಲ್ಲಿ ಸ್ವಲ್ಪ ಕಾಲ ಚುರುಕಾಗುತ್ತಾರೆ, ಓದು ಲೆಕ್ಕಕ್ಕೆ ಅದು ದಾಟುವುದಿಲ್ಲ ಅಂತ. ನಿಮಗೆ ಬೇಕಾಗಿರುವುದು ನಾಳೆಯ ಕ್ಲಾಸಿನ ನೋಟ್ಸ್. ಗೇಮ್ ಆಡುವ ಅರ್ಧ ಗಂಟೆಯಲ್ಲಿ ಇವತ್ತಿನ ನಕ್ಷತ್ರಗಳೆಲ್ಲ ಮುಗಿಯುತ್ತವೆ.

ಡಾಕ್ಟರು ಮಾತ್ರೆ ಬರೆದಿದ್ದರೆ ಅದರ ಬದಲಿಗೆ ಇವನ್ನು ಇಟ್ಟುಕೊಳ್ಳಬೇಡಿ, ಆ ಮಾತು ಅವರ ಹತ್ತಿರವೇ ಆಗಲಿ. ನನಗೆ ಎರಡೂ ಬೇಕಾದವು.

ರೆಕಾರ್ಡ್ ಮಾಡುವ ಮೊದಲು ಮೇಷ್ಟ್ರನ್ನು ಕೇಳಿ. ಕದ್ದು ಮಾಡಬೇಡಿ. ಟರ್ಮ್ ಶುರುವಾಗುವ ಮೊದಲೇ ಹೋಗಿ, ಡಾಕ್ಟರ ಪತ್ರ ತೋರಿಸಿ, ನಾನು ಬರೆಯುತ್ತಲೇ ಇರುತ್ತೇನೆ, ತಪ್ಪಿದ ಜಾಗ ಮಾತ್ರ ಕೇಳಿಕೊಂಡು ಅಳಿಸುತ್ತೇನೆ ಅಂತ ಹೇಳಿ. ವಿಶೇಷ ಅಗತ್ಯ ಇರುವ ವಿದ್ಯಾರ್ಥಿಗಳಿಗೆ ಪ್ರತ್ಯೇಕ ವಿಭಾಗ ನಿಮ್ಮ ಕಾಲೇಜಿನಲ್ಲಿ ಇದ್ದರೆ ಅವರಿಂದ ಬರಹದಲ್ಲೇ ಅನುಮತಿ ತಗೊಳ್ಳಿ, ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯದ ಅರ್ಜಿಯನ್ನೂ ಅದೇ ದಿನ ಕೊಟ್ಟು ಬನ್ನಿ. ಆಮೇಲೆ ಕೊಡೋಣ ಅಂತ ಇಟ್ಟರೆ ನಮ್ಮಿಂದ ಆಗುವ ಕೆಲಸ ಅಲ್ಲ ಅದು.