ಮೊರಾಕ್ಕೊದ 'ಮೂವರು ರಾಜರ ಕಾಳಗ' ಅಷ್ಟೊಂದು ಮುಖ್ಯ ಯಾಕೆ?

ಒಂದೇ ದಿನ, ಒಂದೇ ಕಾಳಗದಲ್ಲಿ ಮೂವರು ದೊರೆಗಳು ಸತ್ತರು. ಅದಕ್ಕೇ ಆ ಹೆಸರು. ನಡೆದದ್ದು 1578ರ ಆಗಸ್ಟ್ 4ರಂದು, ಉತ್ತರ ಮೊರಾಕ್ಕೊದ ಕ್ಸರ್ ಅಲ್-ಕಬೀರ್ ಪಟ್ಟಣದ ಹತ್ತಿರ, ಮಖಾಝಿನ್ ಹೊಳೆಯ ಬಳಿ.

ಜಗಳ ಹುಟ್ಟಿದ್ದು ಮನೆಯೊಳಗೇ. ಮೊರಾಕ್ಕೊವನ್ನು ಆಳುತ್ತಿದ್ದ ಸಾದಿ ವಂಶದ ಅಬ್ದ್ ಅಲ್-ಮಲಿಕ್ 1576ರಲ್ಲಿ ಒಟ್ಟೋಮನ್ ತುರ್ಕರ ನೆರವು ಪಡೆದು, ಅಣ್ಣನ ಮಗ ಮುತವಕ್ಕಿಲನನ್ನು ಪಟ್ಟದಿಂದ ಇಳಿಸಿದ. ಪಟ್ಟ ಕಳೆದುಕೊಂಡವನು ಪೋರ್ಚುಗಲ್ಲಿನ ದೊರೆ ಸೆಬಾಸ್ಟಿಯನ್‌ನ ಮೊರೆಹೊಕ್ಕ. ಸೆಬಾಸ್ಟಿಯನ್‌ಗೆ ಆಗ 24 ವರ್ಷ, ಮದುವೆಯಾಗಿರಲಿಲ್ಲ, ಮಕ್ಕಳಿರಲಿಲ್ಲ. ಕರಾವಳಿಯಲ್ಲಿದ್ದ ಹಡಗುಗಳ ಆಸರೆ ಬಿಟ್ಟು, ಸುಡುಬಿಸಿಲಲ್ಲಿ ಸೈನ್ಯವನ್ನು ಒಳನಾಡಿಗೆ ನಡೆಸಿದ. ದೊಡ್ಡ ತಪ್ಪು ಅದೇ ಅಂತ ನನ್ನ ಅನಿಸಿಕೆ.

ನನ್ನನ್ನು ಹೆಚ್ಚು ಕಾಡುವುದು ಮಾತ್ರ ಅಬ್ದ್ ಅಲ್-ಮಲಿಕ್. ತೀವ್ರ ಕಾಯಿಲೆಯಲ್ಲಿದ್ದರೂ ಪಲ್ಲಕ್ಕಿಯಲ್ಲಿ ರಣರಂಗಕ್ಕೆ ಬಂದ. ಕಾಳಗ ನಡೆಯುತ್ತಿರುವಾಗಲೇ ಪ್ರಾಣ ಹೋಯಿತು. ಪಕ್ಕದಲ್ಲಿದ್ದವರು ಸಾವನ್ನು ಬಚ್ಚಿಟ್ಟು, ಒಳಗಿರುವ ಸುಲ್ತಾನನೇ ಹೇಳುತ್ತಿದ್ದಾನೆ ಎಂಬಂತೆ ಸೈನಿಕರಿಗೆ ಆಜ್ಞೆ ದಾಟಿಸುತ್ತಲೇ ಇದ್ದರು. ಸೆಬಾಸ್ಟಿಯನ್ ಹೋರಾಡುತ್ತ ಸತ್ತ, ಮುತವಕ್ಕಿಲ ಓಡುವಾಗ ಹೊಳೆಯಲ್ಲಿ ಮುಳುಗಿದ.

ಸೆಬಾಸ್ಟಿಯನ್‌ನ ನಂತರ ಪಟ್ಟಕ್ಕೆ ಬಂದ ಮುದಿ ಬಂಧುವೂ 1580ರಲ್ಲಿ ತೀರಿಕೊಂಡಾಗ ಪೋರ್ಚುಗಲ್ ಸ್ಪೇನಿನ ದೊರೆಯ ಕೈಸೇರಿತು. ನಮ್ಮ ಪಕ್ಕದ ಗೋವಾ ಕೂಡ 1640ರವರೆಗೆ ಅದೇ ಕಿರೀಟದ ಕೆಳಗಿತ್ತು! ಇತ್ತ ಅಬ್ದ್ ಅಲ್-ಮಲಿಕ್‌ನ ತಮ್ಮ ಅಹ್ಮದ್ ಅಲ್-ಮನ್ಸೂರ್ ಸುಲ್ತಾನನಾದ. ಸೆರೆಸಿಕ್ಕ ಪೋರ್ಚುಗೀಸ್ ಶ್ರೀಮಂತರ ಬಿಡುಗಡೆಯ ಹಣ ಅವನ ಬೊಕ್ಕಸ ತುಂಬಿಸಿತು. 1591ರಲ್ಲಿ ಅವನ ಸೈನ್ಯ ಸಹಾರಾ ಮರುಭೂಮಿಯನ್ನೇ ದಾಟಿ ಪಶ್ಚಿಮ ಆಫ್ರಿಕಾದ ಸೊಂಘಾಯ್ ಸಾಮ್ರಾಜ್ಯವನ್ನು ಸೋಲಿಸಿತು.