ಟಿ.ಡಿ. ಅಂದ್ರೆ ಯಾರು?

ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಹುಡುಗ, ಹುಡುಗಿ ಇಬ್ಬರೂ ಒಪ್ಪಿದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ.

ಹುಬ್ಬಳ್ಳಿಯ ಕೇಶ್ವಾಪುರದಲ್ಲಿರುವ ನನ್ನ ಕೌನ್ಸೆಲಿಂಗ್ ಕೋಣೆಗೆ ಆ ಹುಡುಗ ಬಂದಾಗ ಕೈಯಲ್ಲಿ ಪ್ಲಾಸ್ಟಿಕ್ ಫೈಲ್ ಇತ್ತು. ವಯಸ್ಸು 28. ಗದಗ ಕಡೆಯವನು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಜೊತೆಗೆ ಅವನ ಅಕ್ಕ. ಕೂತ ಕೂಡಲೇ ಫೈಲಿನಿಂದ ಐದಾರು ಹಾಳೆ ತೆಗೆದು ಮೇಜಿನ ಮೇಲೆ ಸಾಲಾಗಿ ಜೋಡಿಸಿದ. ಎಲ್ಲವೂ ಸ್ಕ್ರೀನ್‌ಶಾಟ್‌ಗಳ ಕಲರ್ ಪ್ರಿಂಟ್. ಅಲ್ಲಲ್ಲಿ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದ. ವಕೀಲರ ಹತ್ತಿರ ಬಂದವರ ಹಾಗಿತ್ತು.

"ಇದರಾಗ ಟಿ.ಡಿ. ಅಂದ್ರ ಯಾರು, ಅದಷ್ಟ ಗೊತ್ತಾಗಬೇಕ್ರಿ ಮೇಡಮ್," ಅಂದ.

ಧಾರವಾಡದ ಹುಡುಗಿಯ ಜೊತೆ ಅವನ ನಿಶ್ಚಯ ಆಗಿತ್ತು. ಆಕೆ ಎಂ.ಕಾಂ. ಮುಗಿಸಿ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಳು. ಲಗ್ನ ಮೇ ತಿಂಗಳಿಗೆ. ನಿಶ್ಚಯದ ಫೋಟೋವನ್ನು ಹುಡುಗಿ ಇನ್‌ಸ್ಟಾಗ್ರಾಮ್‌ಗೆ ಹಾಕಿದಳು. ಅದರ ಕೆಳಗೆ ಅವಳ ಗೆಳತಿಯೊಬ್ಬಳು ಒಂದು ಬಾವುಟದ ಎಮೋಜಿ ಹಾಕಿದಳು. ನೀಲಿ, ಹಳದಿ, ಕೆಂಪು ಪಟ್ಟಿ. ಪಕ್ಕದಲ್ಲಿ ಒಂದಕ್ಷರವೂ ಇಲ್ಲ.

ರೂಮ್‌ಮೇಟ್‌ಗೆ ತೋರಿಸಿದರೆ ಅವನು ರೊಮೇನಿಯಾ ಅಂದನಂತೆ. ಮರುದಿನ ಆಫೀಸಿನ ಲ್ಯಾಪ್‌ಟಾಪ್‌ನಲ್ಲಿ ಅದೇ ಫೋಟೋ ತೆಗೆದ. ಅಲ್ಲಿ ಬಾವುಟವೇ ಇಲ್ಲ, ಟಿ.ಡಿ. ಅಂತ ಎರಡು ಇಂಗ್ಲಿಷ್ ಅಕ್ಷರ! ಫೋನಿನಲ್ಲಿ ಒಂದು, ಲ್ಯಾಪ್‌ಟಾಪ್‌ನಲ್ಲಿ ಒಂದು. ಇದು ಯಾವುದೋ ಗುಟ್ಟಿನ ಮಾತೇ ಅಂತ ತೀರ್ಮಾನಿಸಿದ. ಅವಳ ನಾಲ್ಕು ವರ್ಷದ ಹಳೆ ಫೋಟೋಗಳನ್ನೆಲ್ಲ ಜಾಲಾಡಿದ. ಹುಡುಕುವವನಿಗೆ ಏನಾದರೂ ಸಿಗದೇ ಇರುತ್ತದೆಯೇ? ಕಾಲೇಜಿನ ಗುಂಪು ಫೋಟೋದಲ್ಲಿ ಅದೇ ಇನಿಷಿಯಲ್‌ನ ಹುಡುಗನೊಬ್ಬ ಸಿಕ್ಕ. ಅವನು ಈಗ ಯುರೋಪಿನಲ್ಲಿ ಓದುತ್ತಿದ್ದಾನೆ ಅಂತಲೂ ಗೊತ್ತಾಯಿತು. ಅಲ್ಲಿಗೆ ರೊಮೇನಿಯಾಕ್ಕೂ ಟಿ.ಡಿ.ಗೂ ಗಂಟು ಬಿತ್ತು.

ಮೂರು ವಾರ ಅವಳನ್ನು ಏನೂ ಕೇಳಲಿಲ್ಲ. ಫೋನ್ ಕಡಿಮೆ ಮಾಡಿದ. ಕೊನೆಗೊಂದು ರಾತ್ರಿ ಹನ್ನೊಂದಕ್ಕೆ ಮೆಸೇಜ್ ಹಾಕಿದ: "ನಿನ್ನ ಜೀವನದಾಗ ಬ್ಯಾರೆ ಯಾರರ ಅದಾರೇನು?" ಅವಳು ಚೇಷ್ಟೆ ಅಂದುಕೊಂಡು ಒಂದು ಬಾವುಟ ಕಳಿಸಿ ಮಲಗಿಬಿಟ್ಟಳು. ಕೆಂಪು ಬಣ್ಣ, ನೀಲಿ ಶಿಲುಬೆ.

"ಈಗ ನಾರ್ವೆ ಬಂತ್ರಿ," ಅಂದರು ಅಕ್ಕ, ಬಹಳ ಗಂಭೀರವಾಗಿ. ನಾನು ನಗು ತಡೆಯಲು ನೀರು ಕುಡಿದೆ.

ನಿಜ ಹೇಳಬೇಕೆಂದರೆ ಆವತ್ತು ನನಗೂ ಉತ್ತರ ಗೊತ್ತಿರಲಿಲ್ಲ. ಒಂದು ವಾರ ಬಿಟ್ಟು ಬನ್ನಿ ಅಂದು ಕಳಿಸಿದೆ. ಡಿಗ್ರಿ ಓದುವ ನನ್ನ ಅಕ್ಕನ ಮಗಳನ್ನು ಕೇಳಿದರೆ ಎರಡು ನಿಮಿಷದಲ್ಲಿ ಬಿಡಿಸಿಟ್ಟಳು. "ಮೌಶಿ, ಅದು ರೊಮೇನಿಯಾ ಅಲ್ಲ, ಚಾಡ್!" ಆಮೇಲೆ ಕೂತು ನಾನೂ ಒಂದಷ್ಟು ಓದಿಕೊಂಡೆ.

ಬಾವುಟದ ಎಮೋಜಿ ನಾವು ಅಂದುಕೊಂಡ ಹಾಗೆ ಒಂದೇ ಚಿತ್ರ ಅಲ್ಲ. ಫೋನು, ಕಂಪ್ಯೂಟರ್‌ಗಳು ಅಕ್ಷರ ಗುರುತಿಸಲು ಬಳಸುವ ಪಟ್ಟಿಗೆ ಯೂನಿಕೋಡ್ ಅನ್ನುತ್ತಾರೆ. 2010ರಲ್ಲಿ ಅದರಲ್ಲಿ ಇದಕ್ಕಾಗಿಯೇ 26 ಅಕ್ಷರ ಸೇರಿಸಿದರು, ಎ ಇಂದ ಝಡ್ ತನಕ. ಪ್ರತಿ ದೇಶಕ್ಕೂ ಎರಡಕ್ಷರದ ಸಂಕೇತ ಇದೆ. ಐ ಮತ್ತು ಎನ್ ಒಟ್ಟಿಗೆ ಬಂದರೆ ಫೋನು ನಮ್ಮ ತಿರಂಗಾ ಬಿಡಿಸುತ್ತದೆ. ವಿಂಡೋಸ್ ಮಾತ್ರ ದೇಶದ ಬಾವುಟ ಬಿಡಿಸುವ ಗೋಜಿಗೆ ಹೋಗಿಲ್ಲ. ಹಾಗಾಗಿ ಅಂಥ ಲ್ಯಾಪ್‌ಟಾಪ್‌ನ ಕ್ರೋಮ್‌ನಲ್ಲಿ ಬರೀ ಅಕ್ಷರ ಕಾಣುವುದುಂಟು. ಟಿ.ಡಿ. ಅನ್ನುವುದು ಆಫ್ರಿಕಾದ ಚಾಡ್ ದೇಶದ ಸಂಕೇತ. ಫ್ರೆಂಚ್‌ನಲ್ಲಿ ಆ ದೇಶದ ಹೆಸರು 'ಟಿ' ಅಕ್ಷರದಿಂದ ಶುರುವಾಗುತ್ತದೆ. ಅದರ ಬಾವುಟ 1959ರದ್ದು. ರೊಮೇನಿಯಾದ ಬಾವುಟಕ್ಕೂ ಅವೇ ಮೂರು ಬಣ್ಣ. ಮೊದಲು ಅದರ ನಡುವೆ ಲಾಂಛನ ಇತ್ತು, 1989ರಲ್ಲಿ ತೆಗೆದರು. ಆವಾಗಿನಿಂದ ಎರಡೂ ಅವಳಿ ಮಕ್ಕಳ ಹಾಗೆ. ಚಾಡ್‌ನ ನೀಲಿ ಒಂದು ಚೂರು ಗಾಢ, ಅಷ್ಟೇ. ಜೋಳದ ಕಾಳಿನಷ್ಟು ಎಮೋಜಿಯಲ್ಲಿ ಅದು ಯಾರಿಗೆ ಕಾಣಬೇಕು?

ನಾರ್ವೆಯ ಕತೆ ಇನ್ನೂ ಸಣ್ಣದು. ಅದರ ಸಂಕೇತ ಎನ್ ಮತ್ತು ಓ. ಅಂದರೆ 'ನೋ'. ಹುಡುಗಿ "ಇಲ್ಲ" ಅಂತಲೇ ಹೇಳಿದ್ದಳು.

ಚಾಡ್ ಅಂದರೆ ಏನು ಮತ್ತೆ? ಅಮೆರಿಕದ ಕಡೆ ಅದು ಗಂಡಸರ ಹೆಸರು. ನೆಟ್‌ನ ಆಡುಮಾತಿನಲ್ಲಿ ಎತ್ತರಕ್ಕೆ, ಚೆಂದಕ್ಕೆ, ಧೈರ್ಯವಾಗಿ ಇರುವ ಗಂಡಸಿಗೆ ಚಾಡ್ ಅನ್ನುತ್ತಾರೆ. ದೇಶಕ್ಕೂ ಇದಕ್ಕೂ ಸಂಬಂಧ ಇಲ್ಲ, ಹೆಸರು ಒಂದೇ ಅಂತ ಬಾವುಟ ಹಾಕುತ್ತಾರೆ. ಅಂದರೆ ಗೆಳತಿ "ವರ ಹೀರೋ ಇದ್ದಾನೆ" ಅಂದಿದ್ದಳು. ಆದರೆ ಇದೇ ಮಾತನ್ನು ಹುಡುಗಿಯರು ತಮ್ಮನ್ನು ಒಪ್ಪುವುದಿಲ್ಲ ಅಂತ ಕುದಿಯುವ ಗಂಡಸರೂ ಬಳಸುತ್ತಾರೆ, ಕಹಿಯಿಂದ. ಅಣಕಕ್ಕೂ ಬಳಸುವವರಿದ್ದಾರೆ. ನಮ್ಮ ತಿರಂಗಾವನ್ನೇ ನೋಡಿ. ಆಗಸ್ಟ್ 15ಕ್ಕೆ ಒಂದು ಅರ್ಥ, ಕ್ರಿಕೆಟ್ ಮ್ಯಾಚಿನ ದಿನ ಒಂದು, ಕೆನಡಾದಲ್ಲಿ ಕೆಲಸ ಮಾಡುವವನ ಪ್ರೊಫೈಲಿನಲ್ಲಿ ಇನ್ನೊಂದು.

ನನ್ನ ಕೋಣೆಯಿಂದ ಬೆಂಗೇರಿ ದೂರ ಇಲ್ಲ. ಅಲ್ಲಿನ ಖಾದಿ ಸಂಘದಲ್ಲಿ ಅಗಲಕ್ಕೆ ಎತ್ತರಕ್ಕೆ 3:2ರ ಅಳತೆ ಹಿಡಿದು ರಾಷ್ಟ್ರಧ್ವಜ ಹೊಲಿಯುತ್ತಾರೆ. ನೂಲು, ಬಣ್ಣ, ಹೊಲಿಗೆ ಎಲ್ಲಕ್ಕೂ ನಿಯಮ ಇದೆ. ಆ ಊರಲ್ಲೇ ಬೆಳೆದ ನನಗೆ ಬಾವುಟ ಅಂದರೆ ಅಳತೆ ತಪ್ಪದ ವಸ್ತು. ಫೋನಿನ ಬಾವುಟಕ್ಕೆ ಆ ಕಟ್ಟು ಇಲ್ಲ. ಕಳಿಸಿದವರನ್ನು ಕೇಳದೆ ಅರ್ಥ ಸಿಗುವುದಿಲ್ಲ.

ಎರಡನೇ ಸಲ ಬಂದಾಗ ಇದನ್ನೆಲ್ಲ ಹೇಳಿದೆ. ಹುಡುಗ ಹಗುರಾಗುತ್ತಾನೆ ಅಂದುಕೊಂಡಿದ್ದೆ. ಅದು ನನ್ನ ತಪ್ಪು. ಅವನ ಮುಖ ಇನ್ನೂ ಇಳಿಯಿತು.

"ಅಂದ್ರ ನನ್ನ ಚ್ಯಾಷ್ಟಿ ಮಾಡ್ಯಾರ. ನನ್ನ ಮಾರಿ ನೋಡ್ರಿ. ಕೂದ್ಲಾ ನೋಡ್ರಿ. ಇದು ಹೀರೋ ಏನ್ರಿ?"

ಅಕ್ಕನನ್ನು ಹೊರಗೆ ಕೂರಿಸಿ ಮತ್ತೆ ಮಾತು ಶುರು ಮಾಡಿದೆ. ಆಗ ಹೊರಬಂತು. ಎರಡು ವರ್ಷದ ಹಿಂದೆ ಹಾವೇರಿ ಕಡೆ ಕನ್ಯಾ ನೋಡಲು ಹೋಗಿದ್ದರಂತೆ. ಚಹಾ ಕುಡಿದು ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುವಾಗ ಒಳಗಿನಿಂದ ಯಾರೋ "ವರಾ ಅಜ್ಜನ ಹಂಗ ಕಾಣ್ತಾನಲ್ಲ" ಅಂದು ನಕ್ಕರು. ಅದನ್ನು ಯಾರಿಗೂ ಹೇಳಿರಲಿಲ್ಲ. ಧಾರವಾಡದ ಹುಡುಗಿ ಒಪ್ಪಿದಾಗಲೂ ಅವನಿಗೆ ಖುಷಿಗಿಂತ ಅನುಮಾನವೇ ಜಾಸ್ತಿ ಇತ್ತು. ನನ್ನನ್ನು ಯಾಕೆ ಒಪ್ಪಿದಳು, ಒಳಗೆ ಬೇರೆ ಏನೋ ಇರಬೇಕು ಅಂತ. ಆ ಅನುಮಾನ ತೂಗು ಹಾಕಲು ಒಂದು ಗೂಟ ಹುಡುಕುತ್ತಿತ್ತು. ಬಾವುಟ ಸಿಕ್ಕಿತು. ಅದು ಇಲ್ಲದಿದ್ದರೆ ಇನ್ನೊಂದು ಸಿಗುತ್ತಿತ್ತು.

ಹುಡುಗಿ ಒಬ್ಬಳೇ ಬಂದಳು. ಅಳಲಿಲ್ಲ. ಸಿಟ್ಟು ಮಾತ್ರ ಚೆನ್ನಾಗಿ ಇತ್ತು. "ಫೋನ್ ತೋರಸು ಅಂತಾರ್ರೀ ಅವರ ಅಕ್ಕಾರು. ತೋರಸಾಕ ನನಗೇನು ಅಂಜಿಕಿಲ್ಲ. ಆದ್ರ ಇವತ್ತ ತೋರಿಸಿದ್ರ ದಿನಾ ತೋರಸಬೇಕಾಗ್ತೈತಿ."

ಅವಳ ಮಾತು ಸರಿ ಅಂತಲೇ ಹೇಳಿದೆ. ಫೋನ್ ತೋರಿಸಬೇಡ, ಪಾಸ್‌ವರ್ಡ್ ಕೊಡಬೇಡ. ಗೆಳತಿಯ ಕಾಮೆಂಟಿಗೆ ನೀನು ಕ್ಷಮೆ ಕೇಳುವುದೂ ಬೇಡ. ಆದರೆ ನಿಮ್ಮ ಗುಂಪಿನ ಭಾಷೆ ಗುಂಪಿನವರಿಗೆ ಮಾತ್ರ ಗೊತ್ತು. ಆತ ಆ ಗುಂಪಿನವನಲ್ಲ. ಸಣ್ಣ ವಿಷಯಕ್ಕೆ ಬಾವುಟ ಕಳಿಸು, ನಡೆಯುತ್ತದೆ. ಮನಸ್ಸಿನ ವಿಷಯ ಕೇಳಿದರೆ ಬಾಯಿ ಬಿಟ್ಟು ಉತ್ತರ ಕೊಡು.

ಹುಡುಗನಿಗೆ ಹೇಳಿದ್ದು ಜಾಸ್ತಿ. ಮೊದಲು ಆ ಫೈಲ್ ನನ್ನ ಹತ್ತಿರವೇ ಇಟ್ಟುಕೊಂಡೆ. ಒಂದು ತಿಂಗಳು ಅವಳ ಹಳೆ ಫೋಟೋ ನೋಡುವ ಹಾಗಿಲ್ಲ, ಅವಳ ಗೆಳೆಯರ ಪ್ರೊಫೈಲ್ ಹುಡುಕುವ ಹಾಗಿಲ್ಲ. ಕೈ ತಡೆಯಲಾರದಷ್ಟು ತವಕ ಆದರೆ ಒಂದು ನೋಟ್‌ಬುಕ್‌ನಲ್ಲಿ "ಈಗ ನನಗೆ ಏನು ಭಯ ಆಗುತ್ತಿದೆ" ಅಂತ ಬರೆಯಬೇಕು. ಅವಳ ಬಗ್ಗೆ ಅಲ್ಲ, ತನ್ನ ಬಗ್ಗೆ. ಏನಾದರೂ ಅರ್ಥ ಆಗದಿದ್ದರೆ ಅವತ್ತೇ ಕೇಳಬೇಕು. ಮೆಸೇಜಿನಲ್ಲಿ ಬೇಡ, ಫೋನ್ ಮಾಡಿ ಕೇಳಬೇಕು. "ಇದು ಏನು, ನನಗ ತಿಳೀಲಿಲ್ಲ" ಅಂದರೆ ಪ್ರಶ್ನೆ. "ಯಾರವನು?" ಅಂದರೆ ತೀರ್ಪು ಕೊಟ್ಟ ಹಾಗೆ. ಮತ್ತೆ, ಹಾವೇರಿಯ ಆ ಮಾತನ್ನು ಹುಡುಗಿಗೆ ಹೇಳು ಅಂದೆ. ಅದಕ್ಕೆ ಬಹಳ ಹೊತ್ತು ಸುಮ್ನೆ ಕೂತ.

ಅಕ್ಕನ ಜೊತೆ ಮಾತು ಕಷ್ಟವಾಯಿತು. ಅವರು ಆ ಸ್ಕ್ರೀನ್‌ಶಾಟ್‌ಗಳನ್ನು ಮನೆಯ ವಾಟ್ಸಾಪ್ ಗ್ರೂಪಿಗೂ ಹಾಕಿದ್ದರು. ಸೋದರಮಾವ, ಚಿಕ್ಕಪ್ಪ ಎಲ್ಲ ನೋಡಿಯಾಗಿತ್ತು. "ರೀಲ್ಸ್‌ನ್ಯಾಗ ಹೇಳ್ತಾರ್ರೀ, ಇಂಥಾವು ರೆಡ್ ಫ್ಲ್ಯಾಗ್ ಅಂತ," ಅಂದರು. ಈ ರೀಲ್ಸ್‌ನವರ ಮೇಲೆ ನನಗೆ ಸ್ವಲ್ಪ ಕೋಪ ಇದೆ. ರೆಡ್ ಫ್ಲ್ಯಾಗ್ ಅಂದರೆ ಅಪಾಯದ ಸೂಚನೆ. ಎಮೋಜಿಯಲ್ಲಿ ಒಂದು ಕೆಂಪು ತ್ರಿಕೋನ ಬಾವುಟ ಇದೆ. 2021ರ ಅಕ್ಟೋಬರ್‌ನಲ್ಲಿ ಟ್ವಿಟರ್ ತುಂಬ ಅದೇ ಆಗಿತ್ತು, ಬಹುಪಾಲು ತಮಾಷೆಗೆ. ಈಗ ಅದನ್ನೇ ಪಂಚಾಂಗದ ಹಾಗೆ ಮುಂದಿಟ್ಟುಕೊಂಡು ವಧು-ವರ ಪರೀಕ್ಷೆ ನಡೆಯುತ್ತದೆ. "ಈ ಪ್ರಕರಣದಾಗ ಅಂಥ ಸೂಚನೆ ಇದ್ರ ಅದು ಫೋನ್ ತೋರಸು ಅನ್ನೋದು, ಅಕ್ಕಾರ," ಅಂದೆ. ಅವರಿಗೆ ಹಿಡಿಸಲಿಲ್ಲ. ಗ್ರೂಪಿಗೆ ಹಾಕಿದ್ದು ನೀವು, ಅದು ತಪ್ಪು ತಿಳಿವಳಿಕೆ ಅಂತ ಅದೇ ಗ್ರೂಪಿನಲ್ಲಿ ಬರೆಯಬೇಕಾದವರೂ ನೀವೇ ಅಂದೆ. ನೋಡೋಣ ಅಂದರು.

ನಾಲ್ಕನೇ ಸಲ ಇಬ್ಬರನ್ನೂ ಕೂರಿಸಿದೆ. ಹುಡುಗ ನೆಲ ನೋಡುತ್ತಾ ಅಜ್ಜನ ಮಾತು ಹೇಳಿದ. ಹುಡುಗಿ ಕೇಳಿದಳು, ತಡೆದಳು, ಆಮೇಲೆ ಅಂದಳು: "ಫೋಟೋ ಹಾಕಿದಾಕಿ ನಾನ. ಚಂದ ಕಾಣದಿದ್ರ ಹಾಕ್ತಿದ್ನೇನು?" ಅವನು ನಕ್ಕ. ಅವಳು ನಗಲಿಲ್ಲ. "ನನಗ ಇನ್ನೂ ಸಿಟ್ಟು ಇಳಿದಿಲ್ಲ. ಮೇದಾಗ ಆಗಂಗಿಲ್ಲ," ಅಂದಳು.

ಲಗ್ನ ದೀಪಾವಳಿ ಆದ ಮೇಲೆ ಅಂತ ಆಗಿದೆ. ಮಂಗಲ ಕಾರ್ಯಾಲಯದ ಅಡ್ವಾನ್ಸ್ ಪೂರ್ತಿ ವಾಪಸ್ ಬರಲಿಲ್ಲ ಅಂತ ಹುಡುಗಿಯ ಅಪ್ಪ ನನ್ನ ಮೇಲೂ ಬೇಜಾರಾಗಿದ್ದಾರೆ. ಹುಡುಗ ಹದಿನೈದು ದಿನಕ್ಕೊಮ್ಮೆ ಶನಿವಾರ ರೈಲಿನಲ್ಲಿ ಬಂದು ಒಬ್ಬನೇ ಕೂತು ಮಾತಾಡಿ ಹೋಗುತ್ತಾನೆ. ನೋಟ್‌ಬುಕ್ ಅರ್ಧ ತುಂಬಿದೆ. ಅಕ್ಕ ಮಾತ್ರ ಗ್ರೂಪಿನಲ್ಲಿ ಇನ್ನೂ ಏನೂ ಬರೆದಿಲ್ಲ.